ಗಾಯದ ಮಾತು ಮೊದಲು ಯಾರ ಕಿವಿಗೆ?

ಅಮೆರಿಕದ ಯಾವುದೋ ಊರಿನ ಕಾರ್ಖಾನೆಯಲ್ಲಿ ರಾತ್ರಿ ಪಾಳಿಯ ಕೆಲಸಗಾರನೊಬ್ಬನ ಕೈ ಯಂತ್ರಕ್ಕೆ ಸಿಕ್ಕಿತೆಂದು ಇಟ್ಟುಕೊಳ್ಳಿ. ರಕ್ತ ಸುರಿಯುತ್ತಿದೆ; ಆದರೆ ಪ್ರಾಣಾಪಾಯವೇನೂ ಮೇಲ್ನೋಟಕ್ಕೆ ಕಾಣುವುದಿಲ್ಲ. ಮೇಸ್ತ್ರಿ ಓಡಿ ಬರುತ್ತಾನೆ. ಹಿಂದಾಗಿದ್ದರೆ ಅವನು ಗಾಯಾಳುವನ್ನು ಕಾರಿಗೆ ಹತ್ತಿಸಿ ಆಸ್ಪತ್ರೆಗೆ ಒಯ್ಯುತ್ತಿದ್ದ, ಇಲ್ಲವೆ ಬಟ್ಟೆ ಸುತ್ತಿ 'ನಾಳೆ ನೋಡೋಣ' ಎನ್ನುತ್ತಿದ್ದ. ಈಗ ಅಲ್ಲಿ ಅನೇಕ ಕಡೆ ಮೊದಲು ಆಗುವುದು ಇವೆರಡೂ ಅಲ್ಲ. ಗೋಡೆಗೆ ಅಂಟಿಸಿದ ಒಂದು ನಂಬರಿಗೆ ಟೆಲಿಫೋನ್ ಹೋಗುತ್ತದೆ. ನೂರಾರು ಮೈಲಿ ಆಚೆ, ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಗಣಕದ ಮುಂದೆ ಕುಳಿತ ಒಬ್ಬ ನರ್ಸು ಆ ಕರೆಯನ್ನು ಎತ್ತಿಕೊಳ್ಳುತ್ತಾಳೆ. ಹೆಸರೇನು, ಎಲ್ಲಿ ಪೆಟ್ಟಾಯಿತು, ಬೆರಳು ಮಡಿಸಲು ಬರುತ್ತದೆಯೆ, ಜೋಮು ಹಿಡಿದಿದೆಯೆ, ಒತ್ತಿ ಹಿಡಿದರೆ ರಕ್ತ ನಿಲ್ಲುತ್ತದೆಯೆ ಎಂದು ಒಂದಾದ ಮೇಲೊಂದು ಪ್ರಶ್ನೆ ಕೇಳುತ್ತಾಳೆ. ಉತ್ತರಗಳನ್ನು ಗಣಕಕ್ಕೆ ತುಂಬುತ್ತ ಹೋದಂತೆ ಮುಂದಿನ ಪ್ರಶ್ನೆ ತಾನಾಗಿ ಮೂಡುತ್ತದೆ. ಕೊನೆಗೆ ಅವಳು ಮೂರರಲ್ಲಿ ಒಂದು ದಾರಿ ಹೇಳುತ್ತಾಳೆ: ಈಗಲೇ ಆಂಬುಲೆನ್ಸ್ ಕರೆಸಿ, ಅಥವಾ ಇಂದೋ ನಾಳೆಯೋ ಇಂಥ ಡಾಕ್ಟರ ಬಳಿಗೆ ಹೋಗಿ, ಅಥವಾ ತೊಳೆದು ಪಟ್ಟಿ ಕಟ್ಟಿಕೊಂಡು ಕೆಲಸಕ್ಕೆ ಹಿಂತಿರುಗಿ. ಕರೆ ಮುಗಿದ ಸ್ವಲ್ಪ ಹೊತ್ತಿನಲ್ಲೇ ಅದರ ವರದಿ ಮಾಲೀಕನ ಕಚೇರಿಗೂ ಅವನ ವಿಮಾ ಕಂಪನಿಗೂ ತಲುಪುತ್ತದೆ.

ಗಾಯಾಳುವಿನ ಕೈಗೆ ಆ ವರದಿಯ ಪ್ರತಿ ತಲುಪುತ್ತದೆಯೆ? ಈ ವಾರ ನಮ್ಮ ಅಗ್ರಲೇಖನವೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ತಿರುಗುತ್ತದೆ.

ಅಮೆರಿಕದ ಟೆಲಿಫೋನಿಗೂ ನಮ್ಮ ಜಿಲ್ಲೆಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಯಂತ್ರಗಳು ಬಂದ ಹಡಗಿನಲ್ಲೇ ಯಂತ್ರ ನಡೆಸುವವರನ್ನು ಆಳುವ ವಿದ್ಯೆಯೂ ಬರುತ್ತದೆಂಬುದು ನಮ್ಮ ಅನುಭವ. ಗಿರಣಿಯ ಸೀಟಿ ಬಂತು, ಹಾಜರಿ ಚೀಟಿ ಬಂತು, ಹೆಬ್ಬೆಟ್ಟೊತ್ತುವ ಯಂತ್ರ ಬಂತು. ಯಾವುದೂ ಇಲ್ಲಿ ಹುಟ್ಟಿದ್ದಲ್ಲ. ಅಲ್ಲದೆ ಟೆಲಿಫೋನಿನಲ್ಲಿ ಆರೋಗ್ಯದ ಸಲಹೆ ಕೇಳುವುದು ಕನ್ನಡಿಗರಿಗೆ ಹೊಸತಲ್ಲ. ನಮ್ಮ ಸರ್ಕಾರವೇ 2013ರಲ್ಲಿ ಹುಬ್ಬಳ್ಳಿಯಲ್ಲಿ 104 ನಂಬರಿನ ಆರೋಗ್ಯ ಸಹಾಯವಾಣಿಯನ್ನು ತೆರೆಯಿತು. ಜ್ವರ ಬಂದ ಮಗುವಿನ ತಾಯಿ ರಾತ್ರಿ ಎರಡು ಗಂಟೆಗೆ ಕೇಳಿದರೂ ಯಾರೋ ಒಬ್ಬರು ಕನ್ನಡದಲ್ಲಿ ಉತ್ತರ ಹೇಳಬೇಕೆಂಬುದು ಅದರ ಉದ್ದೇಶ. ಅದು ತಾಯಿಗೆ ಉತ್ತರ ಹೇಳುವ ಟೆಲಿಫೋನು. ಅಮೆರಿಕದ ಕಾರ್ಖಾನೆಗಳಲ್ಲಿರುವುದು ಮಾಲೀಕನು ದುಡ್ಡು ಕೊಟ್ಟು ಇಟ್ಟುಕೊಂಡ ಟೆಲಿಫೋನು. ಈ ಎರಡನ್ನೂ ಒಂದೇ ಎಂದು ತಿಳಿಯಬಾರದು.

ಮೊದಲಿಗೆ ಒಳ್ಳೆಯದನ್ನು ಒಪ್ಪಿಕೊಳ್ಳೋಣ. ಮಾಲೀಕರು ಮಾಡಿದ್ದೆಲ್ಲ ಮೋಸವೆಂದು ಬರೆದುಬಿಡುವುದು ಸುಲಭ. ಆದರೆ ಹಾಗೆ ಬರೆದರೆ ಓದುವವನಿಗೆ ಏನೂ ತಿಳಿಯುವುದಿಲ್ಲ.

ಗಾಯಾಳುಗಳನ್ನು ಹೀಗೆ ವಿಂಗಡಿಸುವ ಪದ್ಧತಿಗೆ ಟ್ರಯಾಜ್ ಎಂದು ಹೆಸರು. ಫ್ರೆಂಚ್ ಮಾತು, ಆರಿಸುವುದು, ಬೇರ್ಪಡಿಸುವುದು ಎಂದು ಅರ್ಥ. ನೆಪೋಲಿಯನ್ನನ ಸೈನ್ಯದಲ್ಲಿ ಡೊಮಿನಿಕ್ ಲಾರೆ ಎಂಬ ಶಸ್ತ್ರವೈದ್ಯನಿದ್ದ. ಗಾಯಗೊಂಡವರಲ್ಲಿ ಯಾರನ್ನು ಮೊದಲು ನೋಡಬೇಕೆಂಬುದನ್ನು ಅವರ ಪದವಿಯಿಂದ ಅಲ್ಲ, ಗಾಯದ ತೀವ್ರತೆಯಿಂದ ತೀರ್ಮಾನಿಸಬೇಕೆಂದು ಅವನು ನಿಯಮ ಮಾಡಿದ. ಸೇನಾಧಿಕಾರಿಯ ಗೀರು ಕಾಯಬಹುದು, ಸಾಮಾನ್ಯ ಸಿಪಾಯಿಯ ಮುರಿದ ಕಾಲು ಕಾಯಲಾಗದು. ಸಾಮ್ರಾಟನೊಬ್ಬನ ಯುದ್ಧದ ನಡುವೆ ಹುಟ್ಟಿದ ಈ ನಿಯಮದಲ್ಲಿ ಎಷ್ಟು ಸಮತೆಯಿದೆ ನೋಡಿ! ಇಂದು ಯಾವ ದೊಡ್ಡಾಸ್ಪತ್ರೆಯ ಬಾಗಿಲಲ್ಲೂ ನಡೆಯಬೇಕಾದದ್ದು ಇದೇ ವಿಂಗಡಣೆ.

ಟೆಲಿಫೋನಿನಲ್ಲಿ ಇದನ್ನು ಮಾಡುವುದು ಅಸಾಧ್ಯವೆಂದು ಯಾರೂ ತಿಳಿಯಬೇಕಾಗಿಲ್ಲ. ಅಮೆರಿಕದಲ್ಲಿ ಮಕ್ಕಳ ಡಾಕ್ಟರಾದ ಬಾರ್ಟನ್ ಸ್ಮಿಟ್ ಮತ್ತು ಡೇವಿಡ್ ಥಾಮ್ಸನ್ ಎಂಬ ಇನ್ನೊಬ್ಬ ಡಾಕ್ಟರು ಬರೆದ ಪ್ರಶ್ನಾವಳಿಗಳನ್ನು ಅಲ್ಲಿನ ನರ್ಸುಗಳು ಬಹುಕಾಲದಿಂದ ಬಳಸುತ್ತಿದ್ದಾರೆ. ಆ ಪ್ರಶ್ನೆಗಳ ಗುಟ್ಟು ಇಷ್ಟೇ: ಎಲ್ಲಕ್ಕಿಂತ ಕೆಟ್ಟದ್ದು ಆಗಿರಬಹುದೆ ಎಂಬುದನ್ನು ಮೊದಲು ಕೇಳು, ಸಣ್ಣದನ್ನು ಕೊನೆಗೆ ಕೇಳು. ಮೇಸ್ತ್ರಿಯ ಬುದ್ಧಿ ಇದಕ್ಕೆ ತಲೆಕೆಳಗಾಗಿ ಓಡುತ್ತದೆ. ಅವನು ಎಷ್ಟೇ ಒಳ್ಳೆಯವನಾಗಿರಲಿ, ರಕ್ತ ಕಂಡರೆ ಗಾಬರಿಯಾಗುತ್ತಾನೆ, ರಕ್ತ ಕಾಣದಿದ್ದರೆ ನೆಮ್ಮದಿಯಾಗುತ್ತಾನೆ. ಕೆಲಸದ ಜಾಗದ ಗಾಯಗಳಲ್ಲಿ ಅತ್ಯಂತ ಘಾತುಕವಾದ ಕೆಲವು ರಕ್ತವನ್ನೇ ತೋರಿಸುವುದಿಲ್ಲ.

ಗ್ರೀಸ್ ಗನ್ನಿನಿಂದಲೋ ಬಣ್ಣ ಎರಚುವ ಯಂತ್ರದಿಂದಲೋ ಅತಿಯಾದ ಒತ್ತಡದಲ್ಲಿ ಚಿಮ್ಮಿದ ಎಣ್ಣೆ ಬೆರಳಿನ ಚರ್ಮವನ್ನು ತೂರಿ ಒಳಹೊಕ್ಕರೆ ಹೊರಗೆ ಸೂಜಿ ಚುಚ್ಚಿದಷ್ಟೇ ಗುರುತು. ನೋವೂ ಮೊದಲಿಗೆ ಅಷ್ಟಿರುವುದಿಲ್ಲ. ಕೆಲಸಗಾರ ಒರೆಸಿಕೊಂಡು ಮತ್ತೆ ಯಂತ್ರಕ್ಕೆ ನಿಲ್ಲುತ್ತಾನೆ. ಒಳಗೆ ಎಣ್ಣೆ ನರ ಸ್ನಾಯುಗಳ ಜಾಡು ಹಿಡಿದು ಅಂಗೈವರೆಗೂ ಹರಡುತ್ತಿರುತ್ತದೆ. ಕೆಲವೇ ಗಂಟೆಗಳಲ್ಲಿ ಕೈಯನ್ನು ಕೊಯ್ದು ತೊಳೆಯದಿದ್ದರೆ ಬೆರಳು ಹೋದ ಹಾಗೆಯೇ. ಕರೆಂಟು ಹೊಡೆದವನ ಅಂಗೈಯಲ್ಲಿ ಕಾಳಿನಷ್ಟು ಸುಟ್ಟ ಗುರುತಿರಬಹುದು. ಅವನ ಎದೆಯ ಬಡಿತ ತಪ್ಪಿರಬಹುದು. ತಲೆಗೆ ಪೆಟ್ಟು ಬಿದ್ದವನು ಎದ್ದು ಕೂತು ಚಹಾ ಕುಡಿದು, ಎರಡು ಗಂಟೆಯ ಮೇಲೆ ವಾಂತಿ ಮಾಡಿಕೊಂಡು ತೂಕಡಿಸತೊಡಗಿದರೆ ಅದು ನಿದ್ದೆಯಲ್ಲ. ಬಿಸಿಲಿನಲ್ಲಿ ದುಡಿಯುವವನು ತೊದಲಿದರೆ, ಅಸಂಬದ್ಧ ಮಾತಾಡಿದರೆ ಅದು ಕುಡಿತವಲ್ಲದಿರಬಹುದು, ಬಿಸಿಲ ಬೇಗೆ ಮಿದುಳಿಗೆ ತಾಕಿದ್ದಿರಬಹುದು. ಇವನ್ನೆಲ್ಲ ತಿಳಿದ ನರ್ಸೊಬ್ಬಳು ನಡುರಾತ್ರಿಯಲ್ಲಿ 'ಇವನನ್ನು ಈ ಕ್ಷಣ ಆಸ್ಪತ್ರೆಗೆ ಕಳಿಸಿ' ಎಂದರೆ ಆ ಟೆಲಿಫೋನು ಸಾರ್ಥಕವಾಯಿತು. ಕಣ್ಣಿಗೆ ಸುಣ್ಣವೋ ಆಸಿಡ್ಡೋ ಬಿದ್ದಾಗ ಮಾತು ಬೆಳೆಸದೆ ಮೊದಲು ಕಾಲು ಗಂಟೆಯಾದರೂ ಸುರಿಯುವ ನೀರಿನಲ್ಲಿ ತೊಳೆಯಿರಿ, ಆಮೇಲೆ ಮಿಕ್ಕದ್ದು ಎಂದು ಹೇಳುವ ಧ್ವನಿಯೂ ಹಾಗೆಯೇ. ತುಂಡಾದ ಬೆರಳನ್ನು ಒದ್ದೆ ಮಾಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಡಬೇಕು, ಬೆರಳನ್ನು ನೇರವಾಗಿ ಮಂಜುಗಡ್ಡೆಗೆ ತಾಗಿಸಬಾರದು ಎಂಬ ಒಂದು ಮಾತು ತಿಳಿಯದೆ ಎಷ್ಟು ಬೆರಳುಗಳು ಮತ್ತೆ ಕೂಡದೆ ಹೋಗಿವೆಯೋ!

ಹೀಗೆ ಈ ವಿದ್ಯೆಯಲ್ಲಿ ದೋಷವಿಲ್ಲ, ನರ್ಸಿನಲ್ಲೂ ದೋಷವಿಲ್ಲ. ಅವಳೂ ಸಂಬಳಕ್ಕೆ ದುಡಿಯುವವಳು. ಎಷ್ಟು ಕರೆ ಮುಗಿಸಿದಳೆಂಬ ಲೆಕ್ಕ ಅವಳ ತಲೆಯ ಮೇಲೂ ತೂಗುತ್ತಿರಬಹುದು. ಆದರೆ ಅವಳ ಟೆಲಿಫೋನಿನ ಬಾಡಿಗೆ ಕೊಡುವವನು ಯಾರು, ಏತಕ್ಕಾಗಿ ಕೊಡುತ್ತಾನೆ ಎಂದು ಕೇಳಿದೊಡನೆ ಚಿತ್ರ ಬದಲಾಗುತ್ತದೆ.

ಇದಕ್ಕೆ ಸ್ವಲ್ಪ ಹಿಂದಿನ ಕಥೆ ಬೇಕು. ಕೆಲಸದಲ್ಲಿ ಗಾಯಗೊಂಡವನಿಗೆ ತಪ್ಪು ಯಾರದೆಂದು ಕೇಳದೆ ಪರಿಹಾರ ಕೊಡಬೇಕೆಂಬ ಕಾನೂನು ಜರ್ಮನಿಯಲ್ಲಿ 1884ರಲ್ಲಿ, ಬಿಸ್ಮಾರ್ಕನ ಕಾಲದಲ್ಲಿ ಬಂತು. ಸಮಾಜವಾದಿಗಳನ್ನು ತುಳಿಯಲು ಹೊರಟವನು ಅವರ ಬೇಡಿಕೆಯನ್ನೇ ಕದ್ದು ಕೊಟ್ಟ, ಅದಿರಲಿ. ಅಮೆರಿಕದಲ್ಲಿ ವಿಸ್ಕಾನ್ಸಿನ್ ರಾಜ್ಯದಲ್ಲಿ 1911ರಲ್ಲಿ ಅಂಥ ಕಾನೂನು ಆಗಿ ನಿಂತಿತು. ಅದೇ ವರ್ಷದ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಬಟ್ಟೆ ಕಾರ್ಖಾನೆಯ ಬೆಂಕಿಯಲ್ಲಿ 146 ಜನ, ಬಹುಪಾಲು ವಲಸೆ ಬಂದ ಎಳೆಯ ಹೆಣ್ಣುಮಕ್ಕಳು, ಸತ್ತಿದ್ದರು. ಒಂದೊಂದೇ ರಾಜ್ಯ ಸೇರುತ್ತ ಕೊನೆಯದಾಗಿ ಮಿಸಿಸಿಪಿ 1948ರಲ್ಲಿ ಸೇರಿತು. ಟೆಕ್ಸಾಸ್ ರಾಜ್ಯದಲ್ಲಿ ಖಾಸಗಿ ಮಾಲೀಕನಿಗೆ ಈ ವಿಮೆ ಮಾಡಿಸುವುದು ಇಂದಿಗೂ ಇಚ್ಛೆಗೆ ಬಿಟ್ಟದ್ದು. ಈ ಕಾನೂನುಗಳ ಒಪ್ಪಂದ ಇಷ್ಟು: ಕೆಲಸಗಾರ ಮಾಲೀಕನ ಮೇಲೆ ದಾವಾ ಹೂಡುವ ಹಕ್ಕನ್ನು ಬಿಟ್ಟುಕೊಡುತ್ತಾನೆ, ಅದಕ್ಕೆ ಬದಲಾಗಿ ಔಷಧೋಪಚಾರ ಮತ್ತು ತಪ್ಪಿದ ಕೂಲಿಯ ಒಂದು ಭಾಗ ಅವನಿಗೆ ಖಚಿತವಾಗಿ ಸಿಗಬೇಕು.

ಕೆಲಸಗಾರ ತನ್ನ ಪಾಲನ್ನು ಆಗಲೇ ಕೊಟ್ಟುಬಿಟ್ಟಿದ್ದಾನೆ, ವಾಪಸು ಪಡೆಯುವಂತಿಲ್ಲ. ಮಾಲೀಕ ಕೊಡಬೇಕಾದ ಪಾಲು ಮಾತ್ರ ಪ್ರತಿ ಗಾಯಕ್ಕೂ ಹೊಸದಾಗಿ ಚೌಕಾಸಿಗೆ ಬೀಳುತ್ತದೆ. ಏಕೆಂದರೆ ಮಾಲೀಕನ ವಿಮಾ ಕಂತು ಹಿಂದಿನ ವರ್ಷಗಳ ಕ್ಲೇಮುಗಳನ್ನು ನೋಡಿ ಏರುತ್ತದೆ, ಇಳಿಯುತ್ತದೆ. ಅದರಲ್ಲೂ ಒಂದು ಸೂಕ್ಷ್ಮವಿದೆ. ಗಾಯಾಳು ಬರಿಯ ಔಷಧೋಪಚಾರ ಪಡೆದು ಕೆಲಸಕ್ಕೆ ಮರಳಿದರೆ ಆ ಖರ್ಚಿನಲ್ಲಿ ನೂರಕ್ಕೆ 30ನ್ನು ಮಾತ್ರ ಅಲ್ಲಿನ ಬಹುಪಾಲು ರಾಜ್ಯಗಳಲ್ಲಿ ಕಂತಿನ ಲೆಕ್ಕಕ್ಕೆ ಹಿಡಿಯುತ್ತಾರೆ. ಕೂಲಿ ತಪ್ಪಿ ಮನೆಯಲ್ಲಿ ಕೂತನೋ, ಹಾಗೆ ರಿಯಾಯಿತಿಯಿಲ್ಲ. ಇದಲ್ಲದೆ 1970ರ ಕಾನೂನಿನಿಂದ ಹುಟ್ಟಿದ ಓಶಾ ಎಂಬ ಸರ್ಕಾರಿ ಸುರಕ್ಷತಾ ಇಲಾಖೆಯ ದಫ್ತರ ಬೇರೆ. ಪ್ರಥಮ ಚಿಕಿತ್ಸೆಗೆ ಮಿಕ್ಕಿದ ಉಪಚಾರ ಬೇಕಾದ ಗಾಯವನ್ನು ಮಾಲೀಕ ಆ ದಫ್ತರದಲ್ಲಿ ಬರೆಯಲೇಬೇಕು. ಪ್ರಥಮ ಚಿಕಿತ್ಸೆಯಲ್ಲೇ ಮುಗಿದದ್ದನ್ನು ಬರೆಯಬೇಕಾಗಿಲ್ಲ. ಯಾವುದು ಪ್ರಥಮ ಚಿಕಿತ್ಸೆ ಎಂಬ ಪಟ್ಟಿ ನಿಯಮದಲ್ಲೇ ಇದೆ. ಗಾಯದ ಬಾಯಿಗೆ ಅಂಟುಪಟ್ಟಿ ಹಾಕಿ ಕೂಡಿಸಿದರೆ ಪ್ರಥಮ ಚಿಕಿತ್ಸೆ, ಹೊಲಿಗೆ ಹಾಕಿದರೆ ಅಲ್ಲ. ಅಂಗಡಿಯಲ್ಲಿ ಸಿಗುವ ನೋವಿನ ಮಾತ್ರೆ ಅಂಗಡಿಯ ಪ್ರಮಾಣದಲ್ಲಿ ನುಂಗಿದರೆ ಪ್ರಥಮ ಚಿಕಿತ್ಸೆ, ಅದೇ ಮಾತ್ರೆ ಡಾಕ್ಟರು ಬರೆದುಕೊಡುವ ಪ್ರಮಾಣಕ್ಕೆ ಏರಿದರೆ ಅಲ್ಲ. ಬಿಸಿಲಿಗೆ ಬಳಲಿದವನಿಗೆ ನೀರು ಕುಡಿಸಿದರೆ ಪ್ರಥಮ ಚಿಕಿತ್ಸೆ. ನರಕ್ಕೆ ಸೂಜಿ ಚುಚ್ಚಿ ನೀರೇರಿಸಿದರೆ ಅಲ್ಲ.

ಇಷ್ಟಾದ ಮೇಲೆ ಕಾರ್ಖಾನೆಯ ಮ್ಯಾನೇಜರನ ಮನಸ್ಸು ಎತ್ತ ವಾಲುತ್ತದೆಂದು ಬಿಡಿಸಿ ಹೇಳಬೇಕೆ? ಒಂದು ಹೊಲಿಗೆಗೂ ಒಂದು ಅಂಟುಪಟ್ಟಿಗೂ ನಡುವೆ ಅವನ ವರ್ಷದ ಲೆಕ್ಕವಿದೆ. ಗುತ್ತಿಗೆ ಹಿಡಿಯುವಾಗ 'ನಮ್ಮಲ್ಲಿ ಗಾಯಗಳೇ ಇಲ್ಲ' ಎಂದು ತೋರಿಸುವ ಕಾಗದವಿದೆ. ಟೆಲಿಫೋನ್ ನರ್ಸಿನ ಸೇವೆ ಮಾರುವ ಕಂಪನಿಗಳು ತಮ್ಮ ಜಾಹೀರಾತುಗಳಲ್ಲಿ ಹೇಳಿಕೊಳ್ಳುವುದೂ ಇದನ್ನೇ: ಬೇಡದ ಕ್ಲೇಮು ಕಡಿಮೆಯಾಗುತ್ತದೆ, ದೊಡ್ಡಾಸ್ಪತ್ರೆಯ ಖರ್ಚು ಉಳಿಯುತ್ತದೆ, ಗಾಯಗಳು ಪ್ರಥಮ ಚಿಕಿತ್ಸೆಯಲ್ಲೇ ಮುಗಿಯುತ್ತವೆ. ಅಮೆರಿಕದ ಆಸ್ಪತ್ರೆಯ ಬಿಲ್ಲು ಎಂಥದೆಂದು ಬಲ್ಲವರು ಈ ಉಳಿತಾಯವೆಲ್ಲ ಸುಳ್ಳೆನ್ನಲಾರರು. ನಿಜಕ್ಕೂ ಪಟ್ಟಿ ಕಟ್ಟಿದರೆ ಸಾಕಾಗುವ ಗಾಯಗಳೇ ಹೆಚ್ಚು. ಆದರೆ ಔಷಧಿ ಅಂಗಡಿಯವನು 'ನನ್ನ ಔಷಧಿಯಿಂದ ರೋಗ ವಾಸಿಯಾಗುತ್ತದೆ' ಎನ್ನಬೇಕೇ ಹೊರತು 'ರೋಗಿಗಳ ಪಟ್ಟಿ ಚಿಕ್ಕದಾಗುತ್ತದೆ' ಎನ್ನತೊಡಗಿದರೆ ನಾವು ಎರಡು ಸಲ ಯೋಚಿಸಬೇಕು.

ಮಾಲೀಕನ ಹಣದ ನರ್ಸಿನ ಕಥೆ ಎಲ್ಲಿಗೆ ಹೋಗಬಹುದೆಂಬುದಕ್ಕೆ ಅಲ್ಲಿನ ಸರ್ಕಾರದ ಕಾಗದಗಳೇ ಸಾಕ್ಷಿ. ಇವು ಟೆಲಿಫೋನಿನವಲ್ಲ, ಕಾರ್ಖಾನೆಯೊಳಗೇ ಕೂತ ಉಪಚಾರ ಕೇಂದ್ರಗಳವು. ಆದರೂ ಜಾತಿ ಒಂದೇ. ಮಾಂಸ ಮತ್ತು ಕೋಳಿ ಸಂಸ್ಕರಿಸುವ ಕಾರ್ಖಾನೆಗಳ ಬಗ್ಗೆ ಅಮೆರಿಕದ ಸರ್ಕಾರಿ ಲೆಕ್ಕತಪಾಸಣಾ ಕಚೇರಿ 2016ರಲ್ಲಿ ವರದಿ ಕೊಟ್ಟಿತು. ಕೆಲಸಗಾರನೊಬ್ಬ ಡಾಕ್ಟರ ಬಳಿಗೆ ಕಳಿಸಲ್ಪಡುವ ಮೊದಲು ಕಾರ್ಖಾನೆಯ ನರ್ಸಿನ ಕೋಣೆಗೆ ತೊಂಬತ್ತಕ್ಕೂ ಹೆಚ್ಚು ಸಲ ಎಡತಾಕಿದ್ದನ್ನು ಅದು ದಾಖಲಿಸಿದೆ. ತೊಂಬತ್ತು ಸಲ! ಅಷ್ಟು ಸಲವೂ ಅವನಿಗೆ ಬಾಗಿಲು ತೆರೆದೇ ಇತ್ತು, ಯಾರೂ 'ಬರಬೇಡ' ಎಂದಿರಲಿಕ್ಕಿಲ್ಲ. ಅದೇ 2016ರ ಜನವರಿಯಲ್ಲಿ ಓಶಾ ಇಲಾಖೆ ನ್ಯೂಜೆರ್ಸಿಯ ರಾಬಿನ್ಸ್‌ವಿಲ್ಲಿನ ಅಮೆಜಾನ್ ಗೋದಾಮಿನಲ್ಲಿ 26 ಪ್ರಕರಣಗಳನ್ನು ದಫ್ತರಕ್ಕೆ ಬರೆಯದೆ ಬಿಟ್ಟಿದ್ದಾರೆಂದು 7,000 ಡಾಲರ್ ದಂಡ ಸೂಚಿಸಿತು. ಅಲ್ಲಿನ ಉಪಚಾರ ಕೇಂದ್ರದವರು ತಮ್ಮ ಲೈಸೆನ್ಸಿಗೆ ಮೀರಿದ ಚಿಕಿತ್ಸೆಯನ್ನು ಡಾಕ್ಟರ ಮೇಲ್ವಿಚಾರಣೆಯಿಲ್ಲದೆ ಮಾಡುತ್ತಿದ್ದಾರೆಂದೂ ಎಚ್ಚರಿಕೆಯ ಪತ್ರ ಬರೆಯಿತು. ಅಷ್ಟು ದೊಡ್ಡ ಕಂಪನಿಗೆ 7,000 ಡಾಲರ್ ಎಂದರೆ ನಮ್ಮೂರ ಸಂತೆಯಲ್ಲಿ ಸುಂಕದವನಿಗೆ ಕೊಡುವ ಚಿಲ್ಲರೆ.

ಆದರೆ ಹಣಕ್ಕಿಂತಲೂ ಸೂಕ್ಷ್ಮವಾದದ್ದು ಭಯ. ಟೆಲಿಫೋನಿನಲ್ಲಿ ನರ್ಸಿಗೆ ಕಾಣುವುದು ಏನೂ ಇಲ್ಲ, ಕೇಳುವುದಷ್ಟೇ. ಕೇಳುವುದಾದರೂ ಯಾರ ಮಾತು? ಗಾಯಾಳುವಿನ ಪಕ್ಕದಲ್ಲಿ ಮೇಸ್ತ್ರಿ ನಿಂತಿದ್ದಾನೆ. ಕೆಲವೊಮ್ಮೆ ಮೊದಲ ಮಾತು ಅವನದೇ. ಕೆಲಸಗಾರ ಮೆಕ್ಸಿಕೋದಿಂದಲೋ ಗ್ವಾಟೆಮಾಲಾದಿಂದಲೋ ಬಂದವನಾಗಿರಬಹುದು, ನಡುವೆ ದುಭಾಷಿ ಬೇಕಾಗಬಹುದು, ಕಾಗದಪತ್ರ ಸರಿಯಿಲ್ಲದವನಾದರೆ ಕೆಲಸದ ಜೊತೆಗೆ ದೇಶವನ್ನೇ ಬಿಡಬೇಕಾದೀತೆಂಬ ಅಂಜಿಕೆ. 'ನೋವು ಹತ್ತರಲ್ಲಿ ಎಷ್ಟು?' ಎಂದು ನರ್ಸು ಕೇಳಿದರೆ ಅವನು ಮೇಸ್ತ್ರಿಯ ಮುಖ ನೋಡಿ 'ಎರಡು' ಎನ್ನುತ್ತಾನೆ. ಆ 'ಎರಡು' ಧ್ವನಿಮುದ್ರಣವಾಗುತ್ತದೆ. ಆರು ವಾರದ ಮೇಲೆ ಭುಜ ಎತ್ತಲಾರದೆ ಪರಿಹಾರ ಕೇಳಲು ಹೋದಾಗ ಅದೇ ಧ್ವನಿಯನ್ನು ಅವನ ಮುಂದೆ ಹಿಡಿಯಬಹುದು: 'ಅಂದು ಬೆರಳಿನ ನೋವಷ್ಟೇ ಹೇಳಿದ್ದೀಯೆ, ಭುಜದ ಮಾತೇ ಎತ್ತಿರಲಿಲ್ಲವಲ್ಲ?' ರೋಗಿಯ ಗುಟ್ಟು ಕಾಯಬೇಕೆಂಬ ಅಲ್ಲಿನ ಕಾನೂನು ಕೂಡ ಕಾರ್ಮಿಕ ಪರಿಹಾರದ ಪ್ರಕರಣಗಳಲ್ಲಿ ವಿಮೆಯವರಿಗೂ ಮಾಲೀಕರಿಗೂ ವಿವರ ಕೊಡಲು ದಾರಿ ಬಿಟ್ಟಿದೆ.

ಈ ಭಯವನ್ನು ತಿಳಿಯಲು ನಾವು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಈ ಲೇಖಕ ಮೇಷ್ಟರ ಕೆಲಸ ಬಿಟ್ಟು ಎರಡು ವರ್ಷವಾದ ಮೇಲೆ, ಏಳನೆಯ ತರಗತಿಯಲ್ಲಿ ಲೆಕ್ಕದಲ್ಲಿ ಬಲು ಚುರುಕಾಗಿದ್ದ ಹುಡುಗನೊಬ್ಬ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ. ಮರ ಕೊಯ್ಯುವ ಮಿಲ್ಲಿನಲ್ಲಿ ಕೆಲಸ. ಬಲಗೈಯನ್ನು ಜೇಬಿನಿಂದ ತೆಗೆಯಲಿಲ್ಲ. ಬಹಳ ಒತ್ತಾಯ ಮಾಡಿದ ಮೇಲೆ ತೋರಿಸಿದ: ತೋರುಬೆರಳಿನ ಮೊದಲ ಗೆಣ್ಣು ಇರಲಿಲ್ಲ, ಉಳಿದದ್ದು ಊದಿ ಕಪ್ಪಾಗಿತ್ತು. ಯಾವಾಗ ಆಯಿತೆಂದರೆ ಒಂಬತ್ತು ದಿನವಾಯಿತೆಂದ. ಆಸ್ಪತ್ರೆಗೆ ಹೋದೆಯಾ ಎಂದರೆ, 'ರೈಟರು ಫೋನಿನಲ್ಲಿ ಯಾರನ್ನೋ ಕೇಳಿದರು ಮೇಷ್ಟ್ರೇ, ಅರಿಶಿನ ಹಾಕಿ ಕಟ್ಟು, ಸಾಕು ಅಂದರಂತೆ' ಎಂದ. ಯಾರನ್ನು ಕೇಳಿದರು? ಅವನಿಗೆ ಗೊತ್ತಿಲ್ಲ. ಡಾಕ್ಟರನ್ನೋ, ಕಾಂಪೌಂಡರನ್ನೋ, ಮಿಲ್ಲಿನ ಯಜಮಾನರನ್ನೋ? 'ನೀನೇಕೆ ಕೇಳಲಿಲ್ಲ?' ಎಂದದ್ದಕ್ಕೆ ಅವನು ಕೊಟ್ಟ ಉತ್ತರ ಇನ್ನೂ ಕಿವಿಯಲ್ಲಿದೆ: 'ಫೋನು ರೈಟರ ಕೈಯಲ್ಲಿತ್ತಲ್ಲ ಮೇಷ್ಟ್ರೇ.' ಮಿಲ್ಲಿನ ಯಾವ ಪುಸ್ತಕದಲ್ಲೂ ಆ ಬೆರಳಿನ ಮಾತು ಇರಲಿಲ್ಲ. ಇಲ್ಲದ್ದರಿಂದ ಮುಂದೆ ಪರಿಹಾರ ಕೇಳಲು ಹೋದಾಗ ಆ ದಿನ ಅವನು ಕೆಲಸಕ್ಕೇ ಬಂದಿರಲಿಲ್ಲವೆಂದು ಹೇಳುವುದು ಅವರಿಗೆ ಸುಲಭವಾಯಿತು.

ಫೋನು ಯಾರ ಕೈಯಲ್ಲಿದೆ! ದೊಡ್ಡ ದೊಡ್ಡ ಪಂಡಿತರು ಪುಟಗಟ್ಟಲೆ ಬರೆಯುವುದನ್ನು ಆ ಹುಡುಗ ಒಂದೇ ಮಾತಿನಲ್ಲಿ ಹೇಳಿಬಿಟ್ಟ.

ಟೆಲಿಫೋನು ಕೆಲಸಗಾರನ ಕೈಯಲ್ಲಿದ್ದರೆ ಹೇಗಿರಬಹುದೆಂಬುದಕ್ಕೆ ಇಂಗ್ಲೆಂಡಿನ ಉದಾಹರಣೆಯಿದೆ. ಅಲ್ಲಿನ ಸರ್ಕಾರ 1998ರಲ್ಲಿ ಎನ್.ಎಚ್.ಎಸ್. ಡೈರೆಕ್ಟ್ ಎಂಬ ನರ್ಸುಗಳ ಸಹಾಯವಾಣಿ ಆರಂಭಿಸಿತು. ಯಾರು ಬೇಕಾದರೂ ಕರೆ ಮಾಡಬಹುದಿತ್ತು. ಅದರ ವರದಿ ಯಾವ ಮಾಲೀಕನಿಗೂ ಹೋಗಬೇಕಾದದ್ದಿರಲಿಲ್ಲ. ಡಾಕ್ಟರ ಬಳಿಗೆ ಹೋಗೆಂದರೆ ಬಿಲ್ಲಿನ ಚಿಂತೆಯಿರಲಿಲ್ಲ. ಆದರೆ ಅಲ್ಲೂ ಖರ್ಚಿನ ಮಾತು ಬಂತು. 2013ರಲ್ಲಿ 111 ಎಂಬ ಹೊಸ ನಂಬರು ಅದರ ಜಾಗಕ್ಕೆ ಬಂತು, 2014ರಲ್ಲಿ ಹಳೆಯದು ಮುಚ್ಚಿತು. ಹೊಸದರಲ್ಲಿ ಕರೆಯನ್ನು ಮೊದಲು ಎತ್ತಿಕೊಳ್ಳುವವರು ನರ್ಸುಗಳಲ್ಲ, ಪ್ರಶ್ನೆ ಓದಿ ಉತ್ತರ ತುಂಬಲು ತರಬೇತಾದ ಸಿಬ್ಬಂದಿ; ಅಗತ್ಯ ಕಂಡರೆ ಅವರು ನರ್ಸಿಗೆ ದಾಟಿಸುತ್ತಾರೆ. ಸರ್ಕಾರದ್ದಾದರೆ ಎಲ್ಲವೂ ತಾನಾಗಿ ಸರಿಯೆಂದು ನಂಬಿ ನಿದ್ದೆ ಹೋಗಬಾರದೆಂಬುದಕ್ಕೆ ಈ ಮಾತು.

ಅಮೆರಿಕದಲ್ಲೂ ಕೆಲಸಗಾರನ ಪರವಾದ ಬೇಲಿಗಳು ಇಲ್ಲದಿಲ್ಲ. ಅವು ಸಂಘಗಳ ದೀರ್ಘ ಹೋರಾಟದಿಂದ ಬಂದವು, ನಾವು ಅರಿತಿರಬೇಕಾದವು. ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಗಾಯದ ವಿಷಯ ತಿಳಿದ ಒಂದು ಕೆಲಸದ ದಿನದೊಳಗೆ ಮಾಲೀಕ ಕ್ಲೇಮಿನ ನಮೂನೆಯನ್ನು ಗಾಯಾಳುವಿನ ಕೈಗೆ ಕೊಡಬೇಕು. ಅದನ್ನು ತುಂಬಿ ಕೊಟ್ಟ ಮೇಲೆ, ಕ್ಲೇಮು ಒಪ್ಪುವುದೋ ಬಿಡುವುದೋ ಎಂಬ ವಿಚಾರಣೆ ಮುಗಿಯುವ ತನಕ 10,000 ಡಾಲರಿನವರೆಗೆ ಚಿಕಿತ್ಸೆ ನಡೆಯಲೇಬೇಕು. ಮೊದಲು ಚಿಕಿತ್ಸೆ, ಆಮೇಲೆ ತಕರಾರು. ಓಶಾ ಇಲಾಖೆಯ 2016ರ ನಿಯಮ, ಗಾಯ ವರದಿ ಮಾಡುವ ವಿಧಾನವೇ ಕೆಲಸಗಾರನನ್ನು ಹಿಂಜರಿಯುವಂತೆ ಮಾಡಬಾರದೆಂದು ಹೇಳುತ್ತದೆ. ವರದಿ ಮಾಡಿದ್ದಕ್ಕೆ ಸೇಡು ತೀರಿಸಿಕೊಳ್ಳಬಾರದೆಂದೂ ಹೇಳುತ್ತದೆ. ಕಾರ್ಖಾನೆಯ ಗಾಯಗಳ ದಫ್ತರದ ಪ್ರತಿಯನ್ನು ಯಾವ ಕೆಲಸಗಾರ ಕೇಳಿದರೂ ಮಾರನೆಯ ಕೆಲಸದ ದಿನ ಮುಗಿಯುವುದರೊಳಗೆ ಕೊಡಬೇಕು. ದಫ್ತರದಲ್ಲಿ ಬರೆದಿದ್ದರೆ ತಾನೆ? ಅದು ಬೇರೆ ಮಾತು. ಆದರೆ ಕೇಳುವ ಹಕ್ಕಿದೆ, ಗಂಟೆಯ ಲೆಕ್ಕದಲ್ಲಿ ಇದೆ.

ಈಗ ನಮ್ಮ ಅಂಗಳಕ್ಕೆ ಬರೋಣ. ನಮ್ಮಲ್ಲಿ 1923ರಲ್ಲೇ ಕಾರ್ಮಿಕ ಪರಿಹಾರದ ಕಾನೂನು ಬಂತು. 1948ರಲ್ಲಿ ಕಾರ್ಮಿಕರ ರಾಜ್ಯ ವಿಮಾ ಕಾನೂನು, ಅಂದರೆ ನಮ್ಮವರು ಇ.ಎಸ್.ಐ. ಎನ್ನುವುದು ಬಂತು. ಅದೇ 1948ರ ಕಾರ್ಖಾನೆಗಳ ಕಾನೂನು, 150 ಕೆಲಸಗಾರರಿಗೆ ಒಂದರಂತೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಬೇಕು, 500ಕ್ಕಿಂತ ಹೆಚ್ಚು ಜನರಿದ್ದಲ್ಲಿ ಉಪಚಾರದ ಕೋಣೆಯೇ ಇರಬೇಕು ಎಂದಿತ್ತು. ಈ ಹಳೆಯ ಕಾನೂನುಗಳನ್ನೆಲ್ಲ ಮಡಿಸಿ ನಾಲ್ಕು ಸಂಹಿತೆಗಳಲ್ಲಿ ಕಟ್ಟಿ 2025ರ ನವೆಂಬರ್ 21ರಂದು ಜಾರಿಗೆ ತಂದಿದ್ದಾರೆ. ಆ ಸಂಹಿತೆಗಳ ಬಗ್ಗೆ ನಮಗಿರುವ ತಕರಾರು ಈ ಪುಟಕ್ಕೆ ಹಿಡಿಸುವಂಥದ್ದಲ್ಲ. ಹೆಸರು ಏನೇ ಆಗಲಿ, ಇ.ಎಸ್.ಐ. ಪದ್ಧತಿಯಲ್ಲಿ ಕೆಲಸದ ಗಾಯದಿಂದ ದುಡಿಯಲಾಗದವನಿಗೆ ಕೂಲಿಯ ಸುಮಾರು ನೂರಕ್ಕೆ 90ರಷ್ಟು ಸಿಗಬೇಕೆಂಬುದು ಒಂದು ಒಳ್ಳೆಯ ಏರ್ಪಾಡು. ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಅಷ್ಟು ಸಿಗುವುದಿಲ್ಲ. ಆದರೆ ಅದು ಸಿಗಬೇಕಾದರೆ ಅಪಘಾತದ ಪುಸ್ತಕದಲ್ಲಿ ತಾರೀಖು, ಹೊತ್ತು, ಗಾಯ, ಸಾಕ್ಷಿ ಬರೆದಿರಬೇಕು. ಆ ಪುಸ್ತಕದ ಮೊದಲ ಸಾಲೇ ಪರಿಹಾರದ ಬೀಗದಕೈ. ಮಾಲೀಕನ ಟೆಲಿಫೋನು ಆ ಸಾಲಿಗಿಂತ ಮೊದಲು ಬಂದು ಕೂತರೆ, 'ಪ್ರಥಮ ಚಿಕಿತ್ಸೆ ಅಷ್ಟೇ, ಬರೆಯುವುದೇನಿದೆ?' ಎಂಬಲ್ಲಿಗೆ ಮುಗಿಯುತ್ತದೆ.

ಇ.ಎಸ್.ಐ.ಯ ಆಚೆಗಿರುವವರ ಮಾತಂತೂ ಕೇಳುವುದೇ ಬೇಡ. ಅಡಿಕೆ ಮರ ಹತ್ತುವವನು, ಕಲ್ಲು ಒಡೆಯುವವಳು, ಹೊಲದಲ್ಲಿ ಔಷಧಿ ಹೊಡೆಯುವವನು, ಮನೆ ಕಟ್ಟುವ ಸಾರುವೆಯ ಮೇಲೆ ನಿಂತವನು: ಇವರಿಗೆ ಪುಸ್ತಕವೂ ಇಲ್ಲ, ಪೆಟ್ಟಿಗೆಯೂ ಇಲ್ಲ. ಇವರಿಗೇ ಅಲ್ಲವೆ ಇಂಥ ಟೆಲಿಫೋನು ಎಲ್ಲರಿಗಿಂತ ಹೆಚ್ಚು ಬೇಕಾದದ್ದು? ಆಸ್ಪತ್ರೆ ಮೂವತ್ತು ಮೈಲಿ ದೂರ, ಜೊತೆಗಿರುವವರಿಗೆ ಏನೂ ತೋಚದು. ಮರದಿಂದ ಬಿದ್ದವನ ಕುತ್ತಿಗೆ ಅಲುಗಾಡಿಸದೆ ಹೇಗೆ ಮಲಗಿಸಬೇಕೆಂದು ಆ ಹೊತ್ತಿನಲ್ಲಿ ಒಬ್ಬ ತಿಳಿದವಳು ಹೇಳಿದರೆ ಬದುಕಿಡೀ ಕಾಲೆಳೆಯದೆ ಉಳಿದಾನು. ದಿನಗೂಲಿಯವನಿಗೆ ಬೇಕಾದ ಈ ವಿದ್ಯೆ ದೊಡ್ಡ ಕಂಪನಿಯ ವಿಮಾ ಖರ್ಚು ಉಳಿಸಲು ಬೆಳೆಯಿತೆಂಬುದು ಲೋಕದ ವಿಚಿತ್ರ.

ಕೇಂದ್ರ ಸರ್ಕಾರ 2020ರ ಮಾರ್ಚ್ 25ರಂದು ದೂರದಿಂದ ವೈದ್ಯ ಮಾಡುವುದಕ್ಕೆ ಮಾರ್ಗಸೂಚಿ ಪ್ರಕಟಿಸಿತು. ರೋಗಿಯೇ ಕರೆ ಮಾಡಿದರೆ ಅವನ ಒಪ್ಪಿಗೆ ಇದೆಯೆಂದೇ ತಿಳಿಯತಕ್ಕದ್ದೆಂದು ಅದರಲ್ಲಿದೆ. ಮನೆಯಲ್ಲಿ ಕುಳಿತು ಕರೆ ಮಾಡುವವನ ವಿಷಯದಲ್ಲಿ ಇದು ಸರಿ. ಗಿರಣಿಯಲ್ಲಿ ರೈಟರು ನಂಬರು ಒತ್ತಿ ಗಾಯಾಳುವಿನ ಕಿವಿಗೆ ಹಿಡಿದರೆ ಕರೆ ಮಾಡಿದವರು ಯಾರು, ಒಪ್ಪಿಗೆ ಯಾರದು? ಇದನ್ನು ಈಗಲೇ, ಇಂಥ ಕಂಪನಿಗಳು ಇಲ್ಲಿ ಅಂಗಡಿ ತೆರೆಯುವ ಮೊದಲೇ, ಸ್ಪಷ್ಟವಾಗಿ ಬರೆಯಬೇಕೆಂಬುದು ನಮ್ಮ ಒತ್ತಾಯ.

ನಾವು ಕೇಳುವುದು ಬಹಳವಿಲ್ಲ. ಟೆಲಿಫೋನು ಡಾಕ್ಟರ ಬಾಗಿಲಿಗೆ ದಾರಿಯಾಗಲಿ, ಬೀಗವಾಗುವುದು ಬೇಡ. ನರ್ಸು ಏನೇ ಹೇಳಲಿ, ಡಾಕ್ಟರನ್ನು ನೋಡಬೇಕೆಂದು ಗಾಯಾಳು ಹೇಳಿದರೆ ಅಲ್ಲಿಗೆ ಮಾತು ಮುಗಿಯಬೇಕು, ಆ ಹೊತ್ತಿನ ಕೂಲಿ ಕಡಿಯಬಾರದು. ಮಾತಾಡುವಾಗ ಮೇಸ್ತ್ರಿ ಹೊರಗೆ ಹೋಗಬೇಕು. ಬೇಕಾದರೆ ಸಂಘದ ಒಬ್ಬನೋ ಜೊತೆಗಾರನೋ ಒಳಗಿರಲಿ. ಮಾತು ಗಾಯಾಳುವಿನ ಭಾಷೆಯಲ್ಲಿ ನಡೆಯಬೇಕು. ಬೆಂಗಳೂರಿನ ಕಟ್ಟಡಗಳಲ್ಲಿ ದುಡಿಯುವ ಬಿಹಾರದವನಿಗೆ ಕನ್ನಡವನ್ನೂ ಮುಂಬಯಿಯಲ್ಲಿ ದುಡಿಯುವ ನಮ್ಮ ಕಲಬುರಗಿಯವಳಿಗೆ ಮರಾಠಿಯನ್ನೂ ಹೇರಿ ನೋವಿನ ಅಳತೆ ಕೇಳಬಾರದು. ನರ್ಸಿನ ಸಂಬಳ ಮಾಲೀಕರಿಂದ ವಸೂಲಾದ ಹಣದಿಂದಲೇ ಬರಲಿ, ಆದರೆ ಅದನ್ನು ಕೊಡುವುದು ಇ.ಎಸ್.ಐ.ಯಂಥ ಸಾರ್ವಜನಿಕ ಸಂಸ್ಥೆಯಾಗಿರಲಿ. ಎಷ್ಟು ಗಾಯಗಳನ್ನು ಮನೆಗೆ ಕಳಿಸಿದಳೆಂಬ ಲೆಕ್ಕದ ಮೇಲೆ ಅವಳಿಗೆ ಭೇಷ್ ಎನ್ನುವವನು ಯಾರೂ ಇರಬಾರದು. ಕರೆ ಬಂದ ಕ್ಷಣವೇ ಅಪಘಾತದ ಪುಸ್ತಕದಲ್ಲಿ ನಂಬರು ಬೀಳಬೇಕು, ಪಟ್ಟಿ ಕಟ್ಟಿದ ಗಾಯವೇ ಆಗಲಿ. ಅದರ ಪ್ರತಿ ಮಾಲೀಕನಿಗೆ ಹೋಗುವ ದಿನವೇ ಗಾಯಾಳುವಿಗೂ ಸಿಗಬೇಕು.

ನಮ್ಮ ವಾಚಕರಲ್ಲಿ ಗಿರಣಿ, ಮಿಲ್ಲು, ಡಿಪೋ, ಗಾರ್ಮೆಂಟ್ಸುಗಳಲ್ಲಿ ದುಡಿಯುವವರು ಬಹಳ ಜನರಿದ್ದೀರಿ. ಈ ಸಂಚಿಕೆ ಕೈಗೆ ಬಂದ ಮೇಲೆ ನಿಮ್ಮ ಕೆಲಸದ ಜಾಗದ ಅಪಘಾತದ ಪುಸ್ತಕವನ್ನು ಒಮ್ಮೆ ತೋರಿಸಿರೆಂದು ಕೇಳಿ. ತೋರಿಸಿದರೆ ಕೊನೆಯದಾಗಿ ಬರೆದ ತಾರೀಖು ಯಾವುದು, ಆ ಮೇಲೆ ನಿಮ್ಮ ಕಣ್ಣೆದುರಿಗೇ ಆದ ಗಾಯಗಳೆಷ್ಟು ಎಂದು ಎಣಿಸಿ ನೋಡಿ. ತೋರಿಸದಿದ್ದರೆ ಯಾವ ದಿನ ಕೇಳಿದಿರಿ, ಏನೆಂದು ಉತ್ತರ ಕೊಟ್ಟರು ಎಂಬುದನ್ನು ಗುರುತು ಹಾಕಿಕೊಳ್ಳಿ. ಎರಡರಲ್ಲಿ ಯಾವುದಾದರೂ ಕಚೇರಿಗೆ ಬರೆದು ತಿಳಿಸಿ; ಹೆಸರು ಬೇಡವೆಂದರೆ ಹೆಸರು ಹಾಕುವುದಿಲ್ಲ.